ಜನಾಂಗದ ಕಾಲಂ ನೋಡಿ ಜೀನಿನ ಬಗ್ಗೆ ಬರೆಯಬೇಡಿ

ಸಂಶೋಧನೆಯಲ್ಲಿ ಜನಾಂಗವನ್ನು ಜೀನಿನ ವಿಷಯ ಅಂತ ಹಿಡಿಯಬೇಕಾ, ಸಮಾಜದ ವಿಷಯ ಅಂತಾನಾ ಎಂದು ಕೇಳಿದ್ದೀರಿ. ನಾನು ಪಿಎಚ್‌ಡಿ ಶುರುವಿನಲ್ಲಿ ಜೀನ್ ಅಂತ ಹಿಡಿದೆ. ಬರೆದಿದ್ದ ಒಂದು ಇಡೀ ಅಧ್ಯಾಯವನ್ನು ತೆಗೆದುಹಾಕಬೇಕಾಯಿತು.

ನನ್ನದು ಅಮೆರಿಕದ ಕಿಡ್ನಿ ರೋಗಿಗಳ ಡೇಟಾ. ಕಪ್ಪು ಜನರ ಕಿಡ್ನಿ ಬೇಗ ಕೈಕೊಡುತ್ತಿತ್ತು. ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ ಎಲ್ಲ ಲೆಕ್ಕಕ್ಕೆ ತಗೊಂಡ ಮೇಲೂ ವ್ಯತ್ಯಾಸ ಉಳಿಯಿತು. ಉಳಿದದ್ದು ಜೀನಿನದು ಅಂತ ಬರೆದುಬಿಟ್ಟೆ. ಎಡವಿದ್ದು ಅಲ್ಲೇ. ನನ್ನ ಫೈಲಿನಲ್ಲಿ ಯಾರ ಡಿಎನ್‌ಎ ಮಾಹಿತಿಯೂ ಇರಲಿಲ್ಲ! ಇದ್ದದ್ದು ಜನಾಂಗ ಅನ್ನುವ ಒಂದು ಕಾಲಂ. ಅದನ್ನು ಕೆಲವು ಕಡೆ ರೋಗಿಗಳೇ ತುಂಬಿದ್ದರು, ಕೆಲವು ಕಡೆ ಕೌಂಟರಿನಲ್ಲಿದ್ದವರು ಮುಖ ನೋಡಿ ತುಂಬಿದ್ದರು. ಒಬ್ಬರೇ ರೋಗಿ ಒಂದು ಭೇಟಿಯಲ್ಲಿ ‘ಕಪ್ಪು’, ಇನ್ನೊಂದರಲ್ಲಿ ‘ಇತರೆ’. ಸಂಬಳ ಎಷ್ಟು, ಇನ್ಶೂರೆನ್ಸ್ ಇತ್ತಾ, ಕಾಯಿಲೆ ಎಷ್ಟು ಮುಂದುವರಿದ ಮೇಲೆ ಡಾಕ್ಟರ್ ಹತ್ತಿರ ಹೋದರು, ಇದ್ಯಾವುದೂ ಇರಲಿಲ್ಲ. ಅಳೆಯದೇ ಬಿಟ್ಟದ್ದನ್ನೆಲ್ಲ ಒಟ್ಟು ಸೇರಿಸಿ ಅದಕ್ಕೆ ಜೀನ್ ಅಂತ ಹೆಸರಿಟ್ಟಿದ್ದೆ.

ಹಾಗಂತ ಜೀನ್ ಲೆಕ್ಕಕ್ಕೇ ಇಲ್ಲ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಎಪಿಒಎಲ್1 ಅನ್ನುವ ಜೀನ್ ಇದೆ. ಪಶ್ಚಿಮ ಆಫ್ರಿಕಾ ಮೂಲದವರಲ್ಲಿ ಕಾಣುವ ಅದರ ಎರಡು ರೂಪಗಳು ನಿದ್ರಾರೋಗದ (ಆಫ್ರಿಕಾದಲ್ಲಿ ಒಂದು ಬಗೆಯ ನೊಣ ಕಚ್ಚಿ ಬರುವ ಸೋಂಕು) ವಿರುದ್ಧ ರಕ್ಷಣೆ ಕೊಡುತ್ತವೆ. ಆದರೆ ಅಪ್ಪ ಅಮ್ಮ ಇಬ್ಬರಿಂದಲೂ ಅವು ಬಂದರೆ ಕಿಡ್ನಿಗೆ ಅಪಾಯ ಜಾಸ್ತಿ. ಇದು 2010ರಲ್ಲಿ ಗೊತ್ತಾಯಿತು. ಅಮೆರಿಕದ ಕಪ್ಪು ಜನರಲ್ಲೂ ಹೆಚ್ಚಿನವರಿಗೆ ಆ ಜೋಡಿ ಇರುವುದಿಲ್ಲ. ಯಾರಿಗಿದೆ ಅಂತ ಪರೀಕ್ಷೆ ಮಾಡಿಯೇ ತಿಳಿಯಬೇಕು, ಮೈಬಣ್ಣ ನೋಡಿ ಅಲ್ಲ.

ಇನ್ನೊಂದು ಕಡೆ ನೋಡಿ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ಅಂದಾಜು ಮಾಡುವ 2009ರ ಸೂತ್ರ, ರೋಗಿ ಕಪ್ಪು ಅಂತಾದರೆ ಉತ್ತರವನ್ನು 1.159ರಿಂದ ಗುಣಿಸುತ್ತಿತ್ತು. ರಕ್ತದ ರಿಪೋರ್ಟ್ ಅದೇ, ಆದರೆ ಕಾಗದದ ಮೇಲೆ ಕಿಡ್ನಿ ಚೆನ್ನಾಗಿ ಕಾಣುತ್ತಿತ್ತು. ಹೀಗಾಗಿ ಕಿಡ್ನಿ ಕಸಿಯ ಪಟ್ಟಿಗೆ ಹೆಸರು ತಡವಾಗಿ ಸೇರುತ್ತಿತ್ತು. ಆ ಗುಣಾಕಾರ ಹೋದದ್ದು 2021ರ ಸೂತ್ರದಲ್ಲಿ. ಸಮಾಜ ಮಾಡಿದ ಗುಂಪು ಸೂತ್ರದೊಳಗೆ ಹೋಯಿತು, ಸೂತ್ರದಿಂದ ಜನರ ದೇಹಕ್ಕೆ ಪೆಟ್ಟು ಬಿತ್ತು. ಇದರಲ್ಲಿ ಒಂದನ್ನು ಆರಿಸಿಕೊಳ್ಳುವುದು ಹೇಗೆ ಹೇಳಿ? ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಜೀನಿನ ಬಗ್ಗೆ ಬರೆಯುವುದಾದರೆ ಜೀನನ್ನೇ ಅಳೆಯಿರಿ. ತಾರತಮ್ಯದಿಂದ ಆದ ಹಾನಿ ತಿಳಿಯಬೇಕಾದರೆ ಜನಾಂಗದ ಕಾಲಂ ಬೇಕೇ ಬೇಕು, ಸುಮ್ನೆ ಅಳಿಸಬೇಡಿ. ಎಲ್ಲರೂ ಹೀಗೇ ಮಾಡ್ತಾರೆ ಅಂತ ಗೈಡ್ ಹೇಳಿದರೆ ವಾದ ಮಾಡಿ. ಅದಕ್ಕೂ ಮೊದಲು ಆ ಕಾಲಂ ತುಂಬಿದ್ದು ಯಾರು ಅಂತ ವಿಚಾರಿಸಿ.