ನಾಂತ್ ಸೀಮೆಯ ಮಸ್ಕದೆ ವೈನ್ ಸಪ್ಪೆಯೇ?

ಪ್ರಶ್ನೆ: ಮಗಳ ಮನೆಗೆಂದು ಫ್ರಾನ್ಸ್‌ನ ನಾಂತ್ ನಗರಕ್ಕೆ ಹೋಗಿದ್ದಾಗ ಅಲ್ಲಿನ ‘ಮಸ್ಕದೆ’ ಎಂಬ ಬಿಳಿ ವೈನನ್ನು ಕುಡಿದು ನೋಡಿದೆ. ಮಸ್ಕಟ್ ದ್ರಾಕ್ಷಿಯ ಪರಿಮಳವನ್ನೂ ಸಿಹಿಯನ್ನೂ ನಿರೀಕ್ಷಿಸಿದ್ದ ನನಗೆ ಅದು ಹುಳಿಯಾಗಿ, ಸಪ್ಪೆಯಾಗಿ ಕಂಡಿತು. ಊರಿನವರು ಅದನ್ನು ಅಷ್ಟು ಮೆಚ್ಚುವುದೇಕೆ? ಮುಂದಿನ ಸಲ ಯಾವುದನ್ನು ಕೊಳ್ಳಲಿ?
– ಓದುಗರೊಬ್ಬರು, ಮೈಸೂರು

ಉತ್ತರ: ಮಸ್ಕಟ್‌ಗೂ ಇದಕ್ಕೂ ಸಂಬಂಧವಿಲ್ಲ. ನೀವು ಕುಡಿದದ್ದು ‘ಮೆಲೊನ್ ದ ಬುರ್ಗೋನ್’ ಎಂಬ ತಳಿಯ ವೈನ್. ಫ್ರಾನ್ಸ್‌ನ ಬರ್ಗಂಡಿ ಪ್ರಾಂತ್ಯದ ಮೂಲದ ಈ ತಳಿ ಶಾರ್ಡನೆ ಎಂಬ ಹೆಸರಾಂತ ಬಿಳಿ ವೈನ್ ದ್ರಾಕ್ಷಿಯ ಒಡಹುಟ್ಟು ಎಂದು ಡಿಎನ್‌ಎ ಪರೀಕ್ಷೆಗಳಿಂದ ತಿಳಿದುಬಂದಿದೆ. 1709ರ ಭೀಕರ ಚಳಿಗಾಲದಲ್ಲಿ ನಾಂತ್ ಸುತ್ತಲಿನ ತೋಟಗಳು ಬಹುಪಾಲು ನಾಶವಾದ ಮೇಲೆ, ಚಳಿಯನ್ನು ತಾಳಬಲ್ಲ ಈ ಬಳ್ಳಿಯೇ ಅಲ್ಲಿ ಹಬ್ಬಿತು; ಭಟ್ಟಿ ಇಳಿಸಲು ಬಿಳಿ ವೈನನ್ನು ಕೊಳ್ಳುತ್ತಿದ್ದ ಡಚ್ ವ್ಯಾಪಾರಿಗಳಿಗೂ ಇಂಥ ಪರಿಮಳವಿಲ್ಲದ ವೈನೇ ಬೇಕಾಗಿತ್ತು.

ಆದ್ದರಿಂದ ಈ ವೈನನ್ನು ಮೂಗಿನಿಂದ ಅಳೆದರೆ ನಿರಾಸೆ ಖಚಿತ. ಇದರ ಗುಣವಿರುವುದು ಬಾಯಲ್ಲಿ ಉಳಿಯುವ ಚುರುಕಾದ ಹುಳಿಯಲ್ಲಿ, ತುಸು ಉಪ್ಪೆನ್ನಿಸುವ ಕೊನೆಯ ರುಚಿಯಲ್ಲಿ. ಹುದುಗುವಿಕೆ ಮುಗಿದ ಮೇಲೆ ತಳದಲ್ಲಿ ಕೂರುವ ಸತ್ತ ಯೀಸ್ಟ್‌ನ ಗಷ್ಟನ್ನು ತೆಗೆಯದೆ, ಚಳಿಗಾಲವಿಡೀ ವೈನನ್ನು ಅದರ ಮೇಲೆಯೇ ಬಿಟ್ಟು, ಮುಂದಿನ ವರ್ಷ ನೇರವಾಗಿ ಸೀಸೆಗೆ ತುಂಬುವ ಪದ್ಧತಿ ಅಲ್ಲಿದೆ. ಇದೇ ‘ಸೂರ್ ಲಿ’. ಗಷ್ಟು ಆಮ್ಲಜನಕವನ್ನು ಹೀರಿಕೊಂಡು ತಾಜಾತನವನ್ನು ಕಾಯುತ್ತದೆ, ಯೀಸ್ಟ್ ಕೋಶಗಳು ಕರಗುತ್ತ ತೆಳು ವೈನಿಗೆ ಒಂದಿಷ್ಟು ಮೈ, ಅಂದರೆ ಬಾಯಿ ತುಂಬುವ ಗುಣ, ಕೊಡುತ್ತವೆ, ಉಳಿದುಹೋದ ಇಂಗಾಲಾಮ್ಲದಿಂದ ನಾಲಿಗೆಯ ಮೇಲೆ ನವಿರಾದ ಚುಳುಕೂ ಕಾಣುತ್ತದೆ. ಊರಿನವರ ಮೆಚ್ಚುಗೆಗೆ ಇನ್ನೊಂದು ಕಾರಣ ಅವರ ಊಟ. ಅಟ್ಲಾಂಟಿಕ್ ಕರಾವಳಿಯ ಹಸಿ ಸಿಂಪಿಗೆ ನಿಂಬೆರಸ ಮಾಡುವ ಕೆಲಸವನ್ನೇ ಈ ವೈನ್ ಮಾಡುತ್ತದೆ. ನೀವು ಬರಿಹೊಟ್ಟೆಯಲ್ಲಿ, ಜೊತೆಗೇನೂ ಇಲ್ಲದೆ ಕುಡಿದಿದ್ದರೆ ಅದಕ್ಕೆ ನ್ಯಾಯ ಸಿಕ್ಕಿಲ್ಲ ಎಂದೇ ನನ್ನ ಅಭಿಪ್ರಾಯ. ನಮ್ಮ ಖಾರದ ಮೀನು ಸಾರಿನೆದುರು ಮಾತ್ರ ಇದು ನಿಲ್ಲುವುದಿಲ್ಲ; ಉಪ್ಪು ಹಾಕಿ ಹಬೆಯಲ್ಲಿ ಬೇಯಿಸಿದ ಮೀನಿಗೋ ಸೀಗಡಿಗೋ ಹೊಂದುತ್ತದೆ.

ಕೊಳ್ಳುವಾಗ ಬರಿಯ ‘ಮಸ್ಕದೆ’ ಎಂದಷ್ಟೇ ಬರೆದ ಸೀಸೆಯನ್ನು ಬಿಟ್ಟು, ಎರಡು ನದಿಗಳ ಹೆಸರು ಹೊತ್ತ ‘ಸೆವ್ರ್ ಎ ಮೆನ್’ ಪ್ರದೇಶದ, ‘ಸೂರ್ ಲಿ’ ಎಂದು ನಮೂದಾದ, ಇತ್ತೀಚಿನ ಬೆಳೆಯ ಸೀಸೆಯನ್ನು ಆರಿಸಿ. ಕೈ ಸ್ವಲ್ಪ ಬಿಚ್ಚಬಹುದಾದರೆ ಕ್ಲಿಸೋನ್ ಅಥವಾ ಗೋರ್ಜ್ ಎಂಬ ಊರ ಹೆಸರಿರುವುದನ್ನು ನೋಡಿ. 2011ರಲ್ಲಿ ಪ್ರತ್ಯೇಕ ಮಾನ್ಯತೆ ಪಡೆದ ಈ ಊರುಗಳ ವೈನ್ ಸುಮಾರು ಎರಡು ವರ್ಷ ಗಷ್ಟಿನ ಮೇಲಿರುವುದರಿಂದ ತುಂಬಿದ ಮೈಯಿದ್ದು, ಹಲವು ವರ್ಷ ಇಟ್ಟರೂ ಕೆಡುವುದಿಲ್ಲ. ಸಾಮಾನ್ಯ ಮಸ್ಕದೆಯನ್ನು 8ರಿಂದ 10 ಡಿಗ್ರಿ ತಂಪಿನಲ್ಲಿ ಬಡಿಸುವುದು ರೂಢಿ. ಕ್ಲಿಸೋನ್, ಗೋರ್ಜ್ ಊರುಗಳ ವೈನನ್ನು ಅದಕ್ಕಿಂತ ಒಂದೆರಡು ಡಿಗ್ರಿ ಬೆಚ್ಚಗಿಡಿ, ಅತಿಯಾಗಿ ತಣಿಸಿದರೆ ಇರುವ ರುಚಿಯೂ ಅಡಗಿಹೋಗುತ್ತದೆ.