ಆ ಅರ್ಧ ಸೆಕೆಂಡ್ ಯಾರದ್ದು?

ಪ್ರಶ್ನೆ: ವಸ್ತುನಿಷ್ಠತೆ ಅಂದ್ರೆ ಯಾರು ಅಳೆದ್ರೂ ಒಂದೇ ಉತ್ತರ ಬರ್ಬೇಕು ಅಂತಾರೆ. ಲ್ಯಾಬಲ್ಲಿ ಅದೇ ಪೆಂಡುಲಂಗೆ ನಾನು ತೆಗೆದ ಟೈಮೇ ಬೇರೆ, ನನ್ನ ಪಾರ್ಟ್ನರ್ ತೆಗೆದಿದ್ದೇ ಬೇರೆ. ತಪ್ಪು ಯಾರದು ಸರ್?
- ಬಿಎಸ್ಸಿ ವಿದ್ಯಾರ್ಥಿ, ತುಮಕೂರು

ಉತ್ತರ: ಇದೇ ವಿಷಯಕ್ಕೆ ಒಬ್ಬನ ಕೆಲಸಾನೇ ಹೋಗಿತ್ತು ಕಣಪ್ಪಾ. 1796, ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯ. ಸಾಹೇಬ್ರು ನೆವಿಲ್ ಮಾಸ್ಕಲಿನ್, ಅಸಿಸ್ಟೆಂಟು ಡೇವಿಡ್ ಕಿನ್ನೆಬ್ರೂಕ್. ದೂರದರ್ಶಕದೊಳಗಿನ ಸಣ್ಣ ತಂತಿನ ನಕ್ಷತ್ರ ಯಾವಾಗ ದಾಟುತ್ತೆ ಅಂತ ಬರ್ಕೊಳ್ಳೋದು ಕೆಲಸ. ಕಣ್ಣು ನಕ್ಷತ್ರದ ಮೇಲೆ, ಕಿವಿ ಗಡಿಯಾರದ ಮೇಲೆ, ಈ ಟಿಕ್ಕಿಗೆ ನಕ್ಷತ್ರ ತಂತಿಯಿಂದ ಇಷ್ಟು ಈಚೆ ಇತ್ತು, ಮುಂದಿನ ಟಿಕ್ಕಿಗೆ ಅಷ್ಟು ಆಚೆ ಹೋಯ್ತು, ಹಂಗಾದ್ರೆ ದಾಟಿದ್ದು ಸೆಕೆಂಡಿನ ಹತ್ತರಲ್ಲಿ ಎಷ್ಟನೇ ಪಾಲಿಗೆ ಅಂತ ಮನಸ್ಸಲ್ಲೇ ಅಂದಾಜು ಹಾಕ್ಬೇಕು, ಅದೂ ರಾತ್ರಿ ಹೊತ್ತು. 1795ರ ಆಗಸ್ಟಿಂದ ಅಸಿಸ್ಟೆಂಟ್ ಬರೆಯೋದು ಸಾಹೇಬ್ರಿಗಿಂತ ಅರ್ಧ ಸೆಕೆಂಡ್ ತಡ ಆಗೋಕೆ ಶುರುವಾಯ್ತು, ಜನವರಿ ಹೊತ್ತಿಗೆ 0.8. ಮನೆಗೆ ಕಳಿಸಿಬಿಟ್ರು. ಸಾಹೇಬ್ರು ಬರೆದಿದ್ದೇ ಸರಿಯಾದ ಟೈಮು ಅನ್ನೋದು ಹೆಂಗೆ ಗೊತ್ತಾಯ್ತೋ!

ಅದನ್ನ ಕೆದಕಿದ್ದು ಪ್ರಷ್ಯಾದ ಕೋನಿಗ್ಸ್‌ಬರ್ಗಲ್ಲಿದ್ದ ಖಗೋಳಜ್ಞ ಬೆಸೆಲ್, ಅದೂ ಸುಮಾರು 25 ವರ್ಷ ಆದ್ಮೇಲೆ. ವಾಲ್ಬೆಕ್ ಅನ್ನೋ ಇನ್ನೊಬ್ಬ ಖಗೋಳಜ್ಞನ ಜೊತೆ ಕೂತು ಅವೇ ನಕ್ಷತ್ರಗಳನ್ನ ನೋಡಿದ್ರೆ ಇಬ್ಬರ ಮಧ್ಯೆ ಹೆಚ್ಚುಕಮ್ಮಿ 1 ಸೆಕೆಂಡ್ ವ್ಯತ್ಯಾಸ! ಇಬ್ಬರೂ ಕೈ ಪಳಗಿದವರೇ, ಸೋಮಾರಿ ಅಂತ ಯಾರನ್ನ ಬೈತೀರಿ? ಅಂದ್ರೆ ಒಬ್ಬೊಬ್ಬರ ಕಣ್ಣು ಕಿವಿಗೆ ಒಂದೊಂದು ಲೆಕ್ಕ. ಇದಕ್ಕೆ ಪರ್ಸನಲ್ ಈಕ್ವೇಶನ್ ಅಂತ ಹೆಸರು ಬಿತ್ತು. ಯಾರು ನೋಡಿದ್ರು ಅಂತ ಬರ್ದಿಟ್ಟು ಅವರವರ ವ್ಯತ್ಯಾಸ ಲೆಕ್ಕಕ್ಕೆ ತಗೊಳ್ಳೋ ಪದ್ಧತಿ ಬಂತು. ನನಗೆ ಇಷ್ಟ ಆಗೋದೇ ಇದು, ಮನುಷ್ಯನನ್ನ ಆಚೆ ಹಾಕಿ ಅಲ್ಲ, ಅವನನ್ನೂ ಅಳೆದು ವಸ್ತುನಿಷ್ಠರಾದ್ರು. ಆಮೇಲೆ ಟಿಕ್ ಕೇಳೋ ಬದಲು ನಕ್ಷತ್ರ ತಂತಿ ದಾಟಿದಾಗ ಕರೆಂಟಿನ ಗುಂಡಿ ಒತ್ತೋದು ಬಂತು, ವ್ಯತ್ಯಾಸ ಕಮ್ಮಿ ಆಯ್ತು, ಪೂರ್ತಿ ಹೋಗ್ಲಿಲ್ಲ, ಯಾಕಂದ್ರೆ ಒತ್ತೋ ಬೆರಳೂ ಯಾರದ್ದೋ ತಾನೆ.

ನಿಮ್ಮ ಪೆಂಡುಲಂ ಕೇಸಲ್ಲಿ ಮಾತ್ರ ನಂಗೊಂದು ಡೌಟು. ಸ್ಟಾಪ್‌ವಾಚ್ ಶುರು ಮಾಡುವಾಗ ಎಷ್ಟು ತಡ ಮಾಡ್ತೀರೋ ನಿಲ್ಲಿಸುವಾಗ್ಲೂ ಅಷ್ಟೇ ತಡ ಮಾಡಿದ್ರೆ ಎರಡೂ ವಜಾ ಆಗಿಬಿಡುತ್ತೆ. ನಿಮ್ಮಿಬ್ಬರಲ್ಲಿ ಒಬ್ರು ವಾಚ್ ಒತ್ತುವಾಗ ಸೊನ್ನೆ ಅನ್ನದೆ ಒಂದು ಅಂತ ತೂಗಾಟದ ಎಣಿಕೆ ಶುರು ಮಾಡ್ತಿದೀರ, ಹಂಗಾಗಿ ಒಂದು ತೂಗಾಟ ಕಮ್ಮಿ ಬೀಳ್ತಿದೆ ಅನ್ಸುತ್ತೆ, ಮೊದಲು ಅದನ್ನ ನೋಡ್ಕೊಳ್ಳಿ.