ಸೆಲೆನಿಯಂ ಮಾತ್ರೆ ನುಂಗಲೇ ಡಾಕ್ಟ್ರೇ?

ಪ್ರಶ್ನೆ: ನನಗೆ 38 ವರ್ಷ. ಹಾಶಿಮೊಟೊ ಥೈರಾಯ್ಡ್ ಕಾಯಿಲೆಗೆ ಆರು ವರ್ಷದಿಂದ ಲೆವೊಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ ಮಾತ್ರೆ) ತೆಗೆದುಕೊಳ್ಳುತ್ತಿದ್ದೇನೆ. ಸುಸ್ತು ಹೋಗಿಲ್ಲ, ಕೂದಲೂ ಉದುರುತ್ತಿದೆ. ಸೆಲೆನಿಯಂ, ಅಯೋಡಿನ್ ಮಾತ್ರೆ ತಗೊಂಡರೆ ಸರಿಹೋಗುತ್ತದೆ ಎನ್ನುತ್ತಾಳೆ ಗೆಳತಿ. ನಿಜವೇ?

ಉತ್ತರ: ಅರ್ಧ ನಿಜ. ದಿನಕ್ಕೆ 200 ಮೈಕ್ರೊಗ್ರಾಂ ಸೆಲೆನಿಯಂ ಕೊಟ್ಟು ನೋಡಿದ ಹಲವು ಅಧ್ಯಯನಗಳಲ್ಲಿ ಟಿಪಿಒ ಆಂಟಿಬಾಡಿ (ಈ ಕಾಯಿಲೆಯಲ್ಲಿ ದೇಹ ತನ್ನದೇ ಥೈರಾಯ್ಡ್ ವಿರುದ್ಧ ತಯಾರಿಸುವ ಪ್ರತಿಕಾಯ) ಇಳಿದಿದೆ. ಆದರೆ ರಿಪೋರ್ಟಿನಲ್ಲಿ ಅಂಕಿ ಇಳಿದ ಮಾತ್ರಕ್ಕೆ ಸುಸ್ತು ಇಳಿಯಬೇಕಲ್ಲ! ಆ ಲಾಭ ಖಚಿತವಾಗಿ ಕಂಡಿಲ್ಲ. ತಮಾಷೆ ನೋಡಿ, ಸೆಲೆನಿಯಂ ಜಾಸ್ತಿಯಾದರೂ ಕೂದಲು ಉದುರುತ್ತದೆ. ಅಯೋಡಿನ್ ಮಾತ್ರೆಯನ್ನಂತೂ ಸುಮ್ನೆ ನುಂಗಬೇಡಿ. ಅದು ಹೆಚ್ಚಾದರೆ ಗ್ರಂಥಿಯ ಕೆಲಸ ಇನ್ನೂ ಕುಗ್ಗಬಹುದು.

ನನಗೂ ಇದೇ ಕಾಯಿಲೆ ಇದೆ. ಒಮ್ಮೆ ನನ್ನ ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನ್ ಸಾಲದಾದಾಗ ರಕ್ತಪರೀಕ್ಷೆಯಲ್ಲಿ ಏರುವ ಅಂಕಿ) 9ಕ್ಕೆ ಏರಿತು. ಯಾಕೆ ಅಂತ ನೋಡಿದರೆ, ಬೆಳಿಗ್ಗೆ ಥೈರಾಯ್ಡ್ ಮಾತ್ರೆಯ ಜೊತೆಗೇ ಕಬ್ಬಿಣದ ಮಾತ್ರೆಯನ್ನೂ ನುಂಗುತ್ತಿದ್ದೆ. ಡಾಕ್ಟರಾಗಿ ಹೇಳಿಕೊಳ್ಳಲು ನಾಚಿಕೆ! ಕಬ್ಬಿಣ, ಕ್ಯಾಲ್ಸಿಯಂ ಎರಡೂ ಲೆವೊಥೈರಾಕ್ಸಿನ್ ಮೈಗೆ ಹತ್ತದಂತೆ ತಡೆಯುತ್ತವೆ. ನಡುವೆ 4 ಗಂಟೆ ಬಿಡಬೇಕು. ಈಗ ನನ್ನ ಕಬ್ಬಿಣದ ಡಬ್ಬಿ ಹಾಸಿಗೆಯ ಪಕ್ಕದಲ್ಲಿದೆ, ರಾತ್ರಿಗೆ.

ನೀವು ಮೊದಲು ಟಿಎಸ್‌ಎಚ್ ಜೊತೆ ಫೆರಿಟಿನ್ (ಮೈಯಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಎಂದು ತೋರಿಸುವುದು), ಬಿ12 ಪರೀಕ್ಷೆ ಮಾಡಿಸಿ. ಫೆರಿಟಿನ್ ಕಮ್ಮಿಯಿದ್ದರೆ ಸುಸ್ತಿಗೂ ಕೂದಲಿಗೂ ಅದೇ ಕಾರಣ ಇರಬಹುದು.